ಟ್ರೇಲರ್ ಎಳೆಯುವ ಪಿಕಪ್ಪಿನ ಹಿಂಬದಿಗೆ ಯಾವ ಆಸರೆ?

ಕೊನೆ ಕೊಯ್ಲು ಆರಂಭವಾಗಿ ಅಡಿಕೆ ಸುಲಿಯುವ ಕಾಲ ಬಂತೆಂದರೆ, ನಮ್ಮ ಸಂಘದ ಕಚೇರಿಗೆ ಬರುವ ಸದಸ್ಯರ ಮಾತು ಧಾರಣೆಯಿಂದ ಶುರುವಾಗಿ ಕೊನೆಗೆ ಗಾಡಿಯ ವಿಷಯಕ್ಕೆ ಬಂದು ನಿಲ್ಲುವುದು ವಾಡಿಕೆ. ಹಿಂದೆ ಜೀಪಿಗೆ ಪುಟ್ಟ ಟ್ರೇಲರ್ ಕಟ್ಟಿ ಗೊಬ್ಬರ, ಸೊಪ್ಪು ಸಾಗಿಸುತ್ತಿದ್ದವರು ಈಗ ಪಿಕಪ್ಪಿಗೆ ಸುಲಿಯುವ ಯಂತ್ರ, ಕಾಫಿ ಪಲ್ಪರ್, ಔಷಧಿ ಸಿಂಪಡಣೆಯ ಪಂಪು, ನೀರಿನ ಟ್ಯಾಂಕು ಇವುಗಳನ್ನು ಕಟ್ಟಿಕೊಂಡು ತೋಟದಿಂದ ತೋಟಕ್ಕೆ ತಿರುಗುತ್ತಿದ್ದಾರೆ. ಟ್ರೇಲರ್ ಕಟ್ಟಿದೊಡನೆ ಪಿಕಪ್ಪಿನ ಹಿಂಬದಿ ಕುಗ್ಗುತ್ತದೆ. "ಹಿಂದೆ ಎರಡು ಪ್ಲೇಟು ಹಾಕಿಸಿದರೆ ಆಯಿತಲ್ಲ?" ಎಂದು ಸದಸ್ಯರು ಕೇಳುತ್ತಾರೆ. ಈ ಪ್ರಶ್ನೆಗೆ ನಾವೂ ಹೌದೆಂದೇ ಉತ್ತರಿಸುತ್ತಿದ್ದೆವು. ಕಳೆದ ಮಾಗಿಯಲ್ಲಿ ನಡೆದ ಒಂದು ಘಟನೆಯ ನಂತರ ಹಾಗೆ ಉತ್ತರಿಸುವುದನ್ನು ಬಿಟ್ಟಿದ್ದೇವೆ.

ನಡೆದದ್ದು ಇಷ್ಟು. ಸಂಘದ ಪಿಕಪ್ಪು ಸುಲಿಯುವ ಯಂತ್ರದ ಟ್ರೇಲರನ್ನು ಕಟ್ಟಿಕೊಂಡು ಯಲ್ಲಾಪುರದ ಕಡೆಯಿಂದ ಬಾರೆ ದಾಟಿ ಕೈಗಾಕ್ಕೆ ಇಳಿಯುತ್ತಿತ್ತು. ಹಿಂಬದಿ ಕುಗ್ಗುತ್ತದೆಂದು ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಎರಡೂ ಕಡೆ ಎರಡೆರಡು ಪ್ಲೇಟು ಹೆಚ್ಚಿಗೆ ಹಾಕಿಸಲಾಗಿತ್ತು. ಗಾಡಿ ನೆಟ್ಟಗೆ, ನೋಡಲು ಚೆಂದವಾಗಿ ನಿಂತಿತ್ತು. ಅಕಾಲದಲ್ಲಿ ಬಿದ್ದ ತುಂತುರಿಗೆ ರಸ್ತೆ ಒದ್ದೆಯಾಗಿತ್ತು. ಬಲಕ್ಕೆ ಹೊರಳುವ ಒಂದು ತಿರುವಿನಲ್ಲಿ ಚಾಲಕರು ಬ್ರೇಕು ಒತ್ತಿದಾಗ ಮುಂದಿನ ಚಕ್ರಗಳು ಕಟ್ಟಿಕೊಂಡು ಜಾರಿದವು. ಹಿಂದಿನಿಂದ ಟ್ರೇಲರ್ ದೂಡಿತು. ಸ್ಟೇರಿಂಗ್ ಬಲಕ್ಕಿದ್ದರೂ ಗಾಡಿ ನೇರವಾಗಿ ಹೋಗಿ, ಎಡಗಡೆಯ ಚರಂಡಿಗಿಳಿದು ದರೆಗೆ ಒರಗಿ ನಿಂತಿತು. ಒಂದು ದೀಪ ಒಡೆದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಆದರೆ ಅದೇ ರಸ್ತೆಯಲ್ಲಿ ನಾಲ್ಕು ತಿರುವು ಕೆಳಗೆ ಎಡಗಡೆ ದರೆಯಿಲ್ಲ, ಕಣಿವೆಯಿದೆ.

ಪ್ಲೇಟು ಹಾಕಿದ ಗ್ಯಾರೇಜಿನವರನ್ನು ದೂರಿ ಪ್ರಯೋಜನವಿಲ್ಲ. ಅವರು ನಾವು ಕೇಳಿದ್ದನ್ನು ಮಾಡಿಕೊಟ್ಟರು. ಬಿಲ್ಲಿಗೆ ಸಹಿ ಹಾಕಿದವರೂ ನಾವೇ. ಕೇಳಬೇಕಾದದ್ದು ಏನೆಂದು ನಮಗೆ ಗೊತ್ತಿರಲಿಲ್ಲ. ಆ ಬಳಿಕ ಬಲ್ಲವರನ್ನು ವಿಚಾರಿಸಿ, ನಮ್ಮದೇ ಗಾಡಿಯನ್ನು ತೂಗಿ, ಅಳೆದು ಕಲಿತದ್ದನ್ನು ಸದಸ್ಯ ಬಂಧುಗಳ ಮುಂದಿಡುತ್ತಿದ್ದೇವೆ.

ಎತ್ತಿನ ಗಾಡಿಯ ಪಾಠ

ಎತ್ತಿನ ಗಾಡಿ ಹೊಡೆದವರಿಗೆ ಈ ಶಾಸ್ತ್ರ ಹೊಸದಲ್ಲ. ಹೇರು ಮುಂಭಾರವಾದರೆ ಮೂಕಿ ಕೆಳಗೆ ಒತ್ತಿ ಎತ್ತಿನ ಹೆಗಲು ಹುಣ್ಣಾಗುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಹೆಗಲ ಮೇಲೆ ಸ್ವಲ್ಪವೇ ಭಾರ ಉಳಿಯುವಂತೆ ಹೇರು ಹೂಡುವವನೇ ಜಾಣ ಗಾಡಿಯಾಳು.

ಪಿಕಪ್ಪಿಗೆ ಕಟ್ಟುವ ಟ್ರೇಲರಿನ ಲೆಕ್ಕವೂ ಇದೇ. ಕೊಕ್ಕೆಯ ಮೇಲೆ ಬೀಳುವ ಭಾರವನ್ನು ಮೂಕಿಭಾರವೆಂದು ಕರೆಯೋಣ. ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಕೊಕ್ಕೆಯ ಮೇಲಿರಬೇಕೆಂಬುದು ಪಿಕಪ್ಪಿಗೆ ಟ್ರೇಲರ್ ಕಟ್ಟುವುದು ಬಹಳ ರೂಢಿಯಲ್ಲಿರುವ ಅಮೆರಿಕದಲ್ಲಿ ಅನುಸರಿಸುವ ಪ್ರಮಾಣ. ಅದಕ್ಕಿಂತ ತೀರ ಕಡಿಮೆಯಾದರೆ ಟ್ರೇಲರ್ ವೇಗದಲ್ಲಿ ಹಾವಿನಂತೆ ಅತ್ತಿತ್ತ ಹೊಯ್ದಾಡತೊಡಗುತ್ತದೆ. ಹೆಚ್ಚಾದರೆ ಪಿಕಪ್ಪಿನ ಹಿಂಬದಿ ಕುಗ್ಗುತ್ತದೆ.

ಕುಗ್ಗುವುದು ಕಣ್ಣಿಗೆ ಕಾಣುತ್ತದೆ. ಅದರ ಜೊತೆಗೇ ಆಗುವ ಇನ್ನೊಂದು ಕೆಲಸ ಕಾಣುವುದಿಲ್ಲ. ಕೊಕ್ಕೆ ಇರುವುದು ಹಿಂದಿನ ಅಚ್ಚಿಗಿಂತ ಹಿಂದೆ. ಹಿಂದಿನ ಅಚ್ಚೇ ಆಧಾರವಾಗಿ ಗಾಡಿ ಸನ್ನೆಕೋಲಿನಂತೆ ವರ್ತಿಸುತ್ತದೆ. ಒಂದು ಲೆಕ್ಕ ನೋಡಿ: ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ 3 ಮೀಟರ್, ಹಿಂದಿನ ಅಚ್ಚಿನಿಂದ ಕೊಕ್ಕೆಗೆ 1.2 ಮೀಟರ್ ಅಂತರವಿದೆ ಎಂದಿಟ್ಟುಕೊಳ್ಳಿ. ಕೊಕ್ಕೆಯ ಮೇಲೆ 100 ಕಿಲೋ ಭಾರ ಬಿದ್ದರೆ ಹಿಂದಿನ ಅಚ್ಚಿಗೆ ಬೀಳುವುದು 140 ಕಿಲೋ. ಹೆಚ್ಚಿನ ಆ 40 ಕಿಲೋ ಬಂದದ್ದು ಮುಂದಿನ ಚಕ್ರಗಳಿಂದ. ಅವು ಅಷ್ಟು ಹಗುರಾಗುತ್ತವೆ. ಗಾಡಿಯನ್ನು ತಿರುಗಿಸುವುದು ಮುಂದಿನ ಚಕ್ರ. ಬ್ರೇಕಿನ ಹೆಚ್ಚಿನ ಪಾಲನ್ನು ಹೊರುವುದೂ ಅದೇ. ಅದು ಹಗುರಾದಷ್ಟೂ ನೆಲದ ಹಿಡಿತ ಕಡಿಮೆ.

ನಾವು ಸಂಘದ ಗಾಡಿಗೆ ಹೆಚ್ಚಿನ ಪ್ಲೇಟು ಹಾಕಿಸಿದಾಗ ಹಿಂಬದಿ ಎದ್ದು ನಿಂತಿತು, ನಿಜ. ಆದರೆ ಹಿಂದಿನ ಅಚ್ಚಿನ ಮೇಲಿನ ಭಾರದಲ್ಲಿ ಒಂದು ಕಿಲೋ ಸಹ ಇಳಿಯಲಿಲ್ಲ, ಮುಂದಿನ ಚಕ್ರಕ್ಕೆ ಒಂದು ಕಿಲೋ ಸಹ ಮರಳಲಿಲ್ಲ. ಈ ಲೇಖನದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಬೇಕು: ಆಸರೆ ಎಂಬುದು ಗಾಡಿಯ ಎತ್ತರವನ್ನು ಸರಿಮಾಡುತ್ತದೆ, ಅದರ ಶಕ್ತಿಯನ್ನು ಹೆಚ್ಚಿಸುವುದಿಲ್ಲ. ಟಯರು, ಅಚ್ಚು, ಬೇರಿಂಗು, ಬ್ರೇಕು, ಕೊಕ್ಕೆ ಇವುಗಳಲ್ಲಿ ಯಾವುದು ದುರ್ಬಲವೋ ಅದೇ ಗಾಡಿಯ ಮಿತಿ.

ಮೊದಲು ತೂಕ, ಆಮೇಲೆ ಗ್ಯಾರೇಜು

ಆದ್ದರಿಂದ ಒಂದು ಪೈಸೆ ಖರ್ಚು ಮಾಡುವ ಮೊದಲು ತೂಗಬೇಕು. ನೋಂದಣಿ ಪತ್ರದಲ್ಲಿ ಖಾಲಿ ಗಾಡಿಯ ತೂಕ, ಭಾರಸಹಿತ ಒಟ್ಟು ತೂಕ ಎರಡನ್ನೂ ಬರೆದಿರುತ್ತದೆ. ಇವೆರಡರ ವ್ಯತ್ಯಾಸದಲ್ಲಿ ಚಾಲಕ, ಜೊತೆಗಾರರು, ಡಬ್ಬಿಯಲ್ಲಿಟ್ಟ ಸಾಮಾನು, ಮೂಕಿಭಾರ ಎಲ್ಲವೂ ಅಡಗಬೇಕು. ಮೂಕಿಭಾರ 100 ಕಿಲೋ ಎಂದರೆ ಡಬ್ಬಿಯಲ್ಲಿ 50 ಕಿಲೋದ ಎರಡು ಚೀಲ ಕಡಿಮೆ ಹೇರಬೇಕೆಂದು ಅರ್ಥ.

ಮೂಕಿಭಾರ ನೋಡಲು ದೂರ ಹೋಗಬೇಕಾಗಿಲ್ಲ. ಅಡಿಕೆ ತೂಗುವ ಪ್ಲಾಟ್‌ಫಾರ್ಮ್ ತಕ್ಕಡಿಯೇ ಸಾಕು. ಸಮತಟ್ಟು ನೆಲದಲ್ಲಿ ಟ್ರೇಲರನ್ನು ಎಂದಿನಂತೆ ಹೇರಿ ನಿಲ್ಲಿಸಿ, ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಮೂಕಿಯ ತುದಿ ಪಿಕಪ್ಪಿನ ಕೊಕ್ಕೆಯಷ್ಟೇ ಎತ್ತರದಲ್ಲಿರುವಂತೆ ತಕ್ಕಡಿಯ ಮೇಲೆ ಮರದ ಕೊರಡು ನಿಲ್ಲಿಸಿ ಅದರ ಮೇಲೆ ಇಡಬೇಕು. ಕೊರಡಿನ ತೂಕ ಕಳೆದರೆ ಉಳಿದದ್ದು ಮೂಕಿಭಾರ.

ಅಚ್ಚಿನ ಭಾರ ತಿಳಿಯಲು ಲಾರಿ ತೂಗುವ ಕಾಟಾಕ್ಕೆ ಹೋಗಬೇಕು. ಟ್ರೇಲರ್ ಕಟ್ಟಿಕೊಂಡೇ ಹೋಗಿ, ಮೊದಲು ಪಿಕಪ್ಪಿನ ಮುಂದಿನ ಚಕ್ರ ಮಾತ್ರ ಕಾಟಾದ ಮೇಲಿಟ್ಟು ಬರೆದುಕೊಳ್ಳಿ. ಬಳಿಕ ಪಿಕಪ್ಪಿನ ನಾಲ್ಕೂ ಚಕ್ರ ಕಾಟಾದ ಮೇಲೆ, ಟ್ರೇಲರಿನ ಚಕ್ರ ಹೊರಗೆ ಇರುವಂತೆ ನಿಲ್ಲಿಸಿ ಬರೆದುಕೊಳ್ಳಿ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಹಿಂದಿನ ಅಚ್ಚಿನ ಭಾರ. ಟ್ರೇಲರ್ ಕಳಚಿ ಮತ್ತೊಮ್ಮೆ ಮುಂದಿನ ಚಕ್ರ ತೂಗಿದರೆ ಮುಂಭಾಗ ಎಷ್ಟು ಹಗುರಾಗಿತ್ತೆಂದು ತಿಳಿಯುತ್ತದೆ.

ನಮ್ಮ ಟ್ರೇಲರಿನ ಒಟ್ಟು ತೂಕ 800 ಕಿಲೋ. ಮೂಕಿಭಾರ ತೂಗಿದಾಗ ಬಂದದ್ದು 160 ಕಿಲೋ, ಅಂದರೆ ನೂರಕ್ಕೆ 20. ಯಂತ್ರವನ್ನು ಕೂರಿಸಿದವರು ಅಡಿಕೆ ಸುರಿಯಲು ಹಿಂದೆ ಜಾಗ ಬೇಕೆಂದು ಅದನ್ನು ಮುಂದಕ್ಕೆ ತಳ್ಳಿ ಕೂರಿಸಿದ್ದರು. 500 ಕಿಲೋ ತೂಗುವ ಯಂತ್ರವನ್ನು 30 ಸೆಂ.ಮೀ., ಅಂದರೆ ಒಂದಡಿ ಹಿಂದಕ್ಕೆ ಸರಿಸಿದೆವು. ಕೊಕ್ಕೆಯಿಂದ ಟ್ರೇಲರಿನ ಅಚ್ಚಿಗೆ 2.5 ಮೀಟರ್ ಇರುವುದರಿಂದ ಮೂಕಿಭಾರ 60 ಕಿಲೋ ಇಳಿದು 100ಕ್ಕೆ ಬಂತು. ಮೇಲಿನ ಸನ್ನೆಕೋಲಿನ ಲೆಕ್ಕದಂತೆ ಪಿಕಪ್ಪಿನ ಹಿಂದಿನ ಅಚ್ಚಿನ ಮೇಲೆ 84 ಕಿಲೋ ಕಡಿಮೆ, ಮುಂದಿನ ಚಕ್ರಕ್ಕೆ 24 ಕಿಲೋ ಮರಳಿ ಬಂತು. ಖರ್ಚಾದದ್ದು ನಾಲ್ಕು ಬೋಲ್ಟು ಮತ್ತು ಅರ್ಧ ದಿನದ ಕೂಲಿ. ಪ್ಲೇಟಿಗೆ ಕೊಟ್ಟ ಹಣವನ್ನು ನೆನೆದು ನಾವು ಸುಮ್ಮನಾದೆವು.

ಕೆಲವೊಮ್ಮೆ ಹಿಂಬದಿ ಕುಗ್ಗದಿದ್ದರೂ ಟ್ರೇಲರ್ ಮೂತಿ ತಗ್ಗಿಸಿ ನಿಂತಿರುತ್ತದೆ. ಅದು ಸ್ಪ್ರಿಂಗಿನ ದೋಷವಲ್ಲ, ಕೊಕ್ಕೆಯೇ ತಗ್ಗಿನಲ್ಲಿದೆ. ಕೊಕ್ಕೆಯನ್ನು ಎತ್ತರಿಸಿದರೆ ಸಾಕು.

ಆಸರೆಯ ಬಗೆಗಳು

ಹೇರನ್ನು ಸರಿಪಡಿಸಿ, ತೂಕ ಮಿತಿಯೊಳಗಿದೆ ಎಂದು ಖಚಿತವಾದ ಮೇಲೂ ಹಿಂಬದಿ ಕುಗ್ಗುವುದಾದರೆ ಆಗ ಆಸರೆಯ ವಿಚಾರ. ಕುಗ್ಗಿದ ಗಾಡಿಯಲ್ಲಿ ದೀಪ ಆಕಾಶ ನೋಡಿ ಎದುರಿನವರ ಕಣ್ಣು ಕೋರೈಸುತ್ತದೆ, ಗುಂಡಿಯಲ್ಲಿ ಅಚ್ಚು ಚಾಸಿಗೆ ಬಡಿಯುತ್ತದೆ. ಆದ್ದರಿಂದ ಆಸರೆಗೂ ಅದರದೇ ಸ್ಥಾನವಿದೆ.

ಮೊದಲೇ ಒಂದು ತಪ್ಪು ತಿಳಿವಳಿಕೆ ಹೋಗಲಾಡಿಸಬೇಕು. ಶಾಕ್ ಅಬ್ಸಾರ್ಬರ್ ಭಾರ ಹೊರುವುದಿಲ್ಲ. ಸ್ಪ್ರಿಂಗಿನ ಕುಣಿತವನ್ನು ತಡೆಯುವುದಷ್ಟೇ ಅದರ ಕೆಲಸ. ಅದನ್ನು ಬದಲಿಸಿ ಗಾಡಿ ಎದ್ದು ನಿಲ್ಲಬೇಕೆಂದು ಬಯಸುವುದು ವ್ಯರ್ಥ.

ಹೆಚ್ಚಿನ ಪ್ಲೇಟು: ಗ್ಯಾರೇಜಿನಲ್ಲಿ ಬ್ಲೇಡೆಂದೂ ಪಾಟಾ ಎಂದೂ ಕರೆಯುವ ಉಕ್ಕಿನ ಪಟ್ಟಿಗಳ ಕಟ್ಟಿಗೆ ಇನ್ನೊಂದು ಪಟ್ಟಿ ಸೇರಿಸುವುದು. ಗಟ್ಟಿಮುಟ್ಟಾದದ್ದು, ಎಲ್ಲೆಡೆ ಸಿಗುವಂಥದ್ದು. ಆದರೆ ಒಮ್ಮೆ ಹಾಕಿದ ಮೇಲೆ ಖಾಲಿ ಇರುವಾಗಲೂ ಗಾಡಿ ಬಿರುಸಾಗಿಯೇ ಇರುತ್ತದೆ. ಖಾಲಿ ಪಿಕಪ್ಪು ಮಳೆಗಾಲದ ಹೊಂಡದ ರಸ್ತೆಯಲ್ಲಿ ಹಿಂದಿನ ಚಕ್ರ ಕುಪ್ಪಳಿಸುತ್ತ ಹಿಡಿತ ಕಳೆದುಕೊಳ್ಳುತ್ತದೆ. ವರ್ಷದ ಹೆಚ್ಚು ದಿನ ಹೇರು ಹೊತ್ತೇ ಓಡುವ ಗಾಡಿಗೆ ಇದು ತಕ್ಕದ್ದು. ಹಾಕಿಸುವವರು ದಪ್ಪದ ಬಗ್ಗೆ ಎಚ್ಚರವಿರಬೇಕು. ಪಟ್ಟಿಯ ಬಿರುಸು ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. ಅಗಲ, ಉದ್ದ ಒಂದೇ ಇದ್ದರೆ 8 ಮಿ.ಮೀ. ಪಟ್ಟಿಯೊಂದು 6 ಮಿ.ಮೀ.ನ ಎರಡು ಪಟ್ಟಿಗಳಿಗಿಂತ ಬಿರುಸು. ಗುಜರಿಯಿಂದ ಸಿಕ್ಕಿದ ಲಾರಿ ಪ್ಲೇಟನ್ನು ಕತ್ತರಿಸಿ ಸೇರಿಸುವುದು ಈ ಕಾರಣಕ್ಕೇ ಅಪಾಯ. ಪ್ಲೇಟಿನೊಂದಿಗೆ ತಕ್ಕ ಉದ್ದದ ಹೊಸ ಯು ಬೋಲ್ಟು, ಸೆಂಟರ್ ಬೋಲ್ಟು ಹಾಕಿಸಿ, ಎರಡೂ ಬದಿಗೆ ಒಂದೇ ಸಮ ಇರಲಿ. ಹಳೆಯ ಪ್ಲೇಟನ್ನು ಕುಲುಮೆಯಲ್ಲಿ ಕಾಯಿಸಿ ಕಮಾನು ಏರಿಸಿಕೊಡುವವರಿದ್ದಾರೆ. ಉಕ್ಕಿನ ಹದ ಮತ್ತೆ ಸರಿಯಾಗಿ ಕೂರದಿದ್ದರೆ ಅದು ಬೇಗ ಕುಗ್ಗುತ್ತದೆ ಇಲ್ಲವೆ ತುಂಡಾಗುತ್ತದೆ.

ತಡವಾಗಿ ಭಾರ ಹಿಡಿಯುವ ಪ್ಲೇಟು: ಹಲವು ಪಿಕಪ್ಪುಗಳಲ್ಲಿ ಕಟ್ಟಿನ ತಳದಲ್ಲಿ ನೆಟ್ಟಗಿನ ದಪ್ಪ ಪಟ್ಟಿಯೊಂದು ಮೊದಲೇ ಇರುತ್ತದೆ. ಹೇರು ಹೆಚ್ಚಾಗಿ ಮೇಲಿನ ಪಟ್ಟಿಗಳು ಬಾಗಿದಾಗ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಇಂಥದ್ದು ನಿಮ್ಮ ಗಾಡಿಯಲ್ಲಿದೆಯೇ, ತುಂಡಾಗಿದೆಯೇ ಎಂದು ನೋಡಿ ಆಮೇಲೆ ಹೊಸದರ ಯೋಚನೆ ಮಾಡಿ.

ರಬ್ಬರಿನ ಆಸರೆ: ಅಚ್ಚು ಚಾಸಿಗೆ ಬಡಿಯದಂತೆ ತಯಾರಕರು ಇಡುವ ಚಿಕ್ಕ ರಬ್ಬರಿನ ಜಾಗದಲ್ಲಿ ಒಳಗೆ ಪೊಳ್ಳಾದ ದೊಡ್ಡ ರಬ್ಬರ್ ಕೂರಿಸುವುದು. ಖಾಲಿ ಇರುವಾಗ ಅಚ್ಚಿಗೂ ರಬ್ಬರಿಗೂ ನಡುವೆ ತುಸು ಅಂತರವಿರುತ್ತದೆ. ಗಾಡಿಯ ಓಟ ಮೊದಲಿನಂತೆಯೇ. ಹೇರಿದಾಗ ಅಚ್ಚು ಬಂದು ಒತ್ತುತ್ತದೆ. ಒತ್ತಿದಷ್ಟೂ ರಬ್ಬರ್ ಬಿಗಿಯಾಗುತ್ತದೆ. ಗಾಳಿ ತುಂಬುವ ಕೆಲಸವಿಲ್ಲ, ಕೆಸರಿಗೆ ಕೆಡುವ ಭಯ ಕಡಿಮೆ. ವಾರಕ್ಕೆ ಎರಡು ದಿನ ಟ್ರೇಲರ್, ಉಳಿದ ದಿನ ಖಾಲಿ ಎಂಬಂಥ ನಮ್ಮ ಸದಸ್ಯರ ಗಾಡಿಗಳಿಗೆ ಇದೇ ಹೆಚ್ಚು ಹೊಂದುತ್ತದೆಂದು ನಮ್ಮ ಅಭಿಪ್ರಾಯ. ಗಾಡಿಯ ಮಾದರಿಗೆ ತಕ್ಕ ಅಳತೆಯದನ್ನೇ ಕೊಳ್ಳಬೇಕು. ಅಂತರವೇ ಉಳಿಯದಷ್ಟು ದೊಡ್ಡದಾದರೆ ಸದಾ ಒತ್ತಿಕೊಂಡಿದ್ದು ಸವಾರಿ ಗಡುಸಾಗುತ್ತದೆ.

ಗಾಳಿಚೀಲ: ಅಚ್ಚಿಗೂ ಚಾಸಿಗೂ ನಡುವೆ ದಪ್ಪ ರಬ್ಬರಿನ ಚೀಲ ಕೂರಿಸಿ, ಹೇರಿಗೆ ತಕ್ಕಂತೆ ಗಾಳಿ ತುಂಬುವುದು ಇಲ್ಲವೆ ಇಳಿಸುವುದು. ಒಂದು ದಿನ ನೀರಿನ ಟ್ಯಾಂಕು, ಮರುದಿನ ಹಗುರ ಪಂಪು ಎಂಬಂತೆ ಭಾರ ಬದಲಾಗುತ್ತಿದ್ದರೆ ಇದರಷ್ಟು ಅನುಕೂಲ ಬೇರೆಯಿಲ್ಲ. ಆದರೆ ನಿತ್ಯ ಗಮನ ಬೇಕು. ಖಾಲಿ ಇದ್ದಾಗಲೂ ತಯಾರಕರು ಹೇಳಿದ ಕನಿಷ್ಠ ಗಾಳಿ ಇರಬೇಕು. ಎಡಬಲದ ಚೀಲಗಳಿಗೆ ಬೇರೆ ಬೇರೆ ಕೊಳವೆ ಇರಬೇಕು. ಒಂದೇ ಕೊಳವೆಯಾದರೆ ತಿರುವಿನಲ್ಲಿ ಗಾಳಿ ಅತ್ತಿಂದಿತ್ತ ಹರಿದು ಗಾಡಿ ಇನ್ನಷ್ಟು ವಾಲುತ್ತದೆ. ಹೊಗೆ ಕೊಳವೆಯ ಬಿಸಿ, ಕೊಟ್ಟಿಗೆಯ ಇಲಿ ಎರಡೂ ಇದರ ವೈರಿಗಳು. ಇನ್ನೊಂದು ವಿಷಯ: ಪ್ಲೇಟಿನ ಕಟ್ಟು ಭಾರವನ್ನು ತನ್ನ ಎರಡು ತುದಿಗಳ ಮೂಲಕ ಚಾಸಿಗೆ ಹಂಚುತ್ತದೆ; ಚೀಲ ಅಚ್ಚಿನ ಮೇಲೆ ಒಂದೇ ಕಡೆ ಒತ್ತುತ್ತದೆ. ಮಿತಿಮೀರಿ ಹೇರಿ ಚೀಲ ಉಬ್ಬಿಸಿ ನಿಲ್ಲಿಸಿದರೆ ಪೆಟ್ಟು ಬೀಳುವುದು ಚಾಸಿಗೆ.

ಸುರುಳಿ ಸ್ಪ್ರಿಂಗಿನ ಗಾಡಿಗಳು: 2010ರ ಥಾರ್ ಜೀಪಿಗೆ ಹಿಂದೆ ಪ್ಲೇಟುಗಳಿದ್ದವು, 2020ರ ಹೊಸ ಥಾರಿಗೆ ಸುರುಳಿ ಸ್ಪ್ರಿಂಗು. ಇಂಥ ಗಾಡಿಗೆ ಪ್ಲೇಟು ಸೇರಿಸುವ ಮಾತೇ ಇಲ್ಲ. ಸುರುಳಿಯೊಳಗೆ ಕೂರುವ ಗಾಳಿಚೀಲ ಬಳಸಬಹುದು. ಇವು ಸವಾರಿಗೆಂದು ಮಾಡಿದ ಗಾಡಿಗಳು; ಟ್ರೇಲರ್ ಹಗುರವೇ ಇರಬೇಕು.

ಭಾರ ಹಂಚುವ ಕೊಕ್ಕೆ: ಅಮೆರಿಕದಲ್ಲಿ ದೊಡ್ಡ ಟ್ರೇಲರ್ ಕಟ್ಟುವವರು ಬಳಸುವ ಈ ಕೊಕ್ಕೆಯಲ್ಲಿ ಎರಡು ಉಕ್ಕಿನ ಸಲಾಕೆಗಳು ಸನ್ನೆಯಂತೆ ಕೆಲಸ ಮಾಡಿ, ಮೂಕಿಭಾರದ ಒಂದು ಪಾಲನ್ನು ಮುಂದಿನ ಚಕ್ರಗಳಿಗೂ ಟ್ರೇಲರಿನ ಚಕ್ರಗಳಿಗೂ ಹಂಚುತ್ತವೆ. ಮುಂಭಾಗಕ್ಕೆ ನಿಜವಾಗಿ ಭಾರ ಮರಳಿಸುವ ಸಾಧನ ಇದೊಂದೇ. ನಮ್ಮಲ್ಲಿ ಇದರ ಬಳಕೆ ವಿರಳ. ಚಿತ್ರ ನೋಡಿ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿಕೊಳ್ಳುವ ಸಾಹಸ ಬೇಡ.

ಬ್ರೇಕಿನ ಗುಟ್ಟು

ಈಗ ನಮ್ಮ ಅವಘಡದ ಮೂಲಕ್ಕೆ ಬರೋಣ. ಹಲವು ಪಿಕಪ್ಪುಗಳಲ್ಲಿ ಹಿಂದಿನ ಅಚ್ಚಿಗೂ ಚಾಸಿಗೂ ನಡುವೆ ಒಂದು ಸಣ್ಣ ಸರಳು ಅಥವಾ ಸ್ಪ್ರಿಂಗು ಕಟ್ಟಿದ ಬ್ರೇಕ್ ವಾಲ್ವ್ ಇರುತ್ತದೆ. ಹಿಂಬದಿ ಎಷ್ಟು ಕುಗ್ಗಿದೆ ಎಂಬುದನ್ನು ನೋಡಿ ಅದು ಭಾರವನ್ನು ಅಂದಾಜು ಮಾಡುತ್ತದೆ. ಹಿಂಬದಿ ತಗ್ಗಿದ್ದರೆ ಗಾಡಿ ಹೇರಿದೆ ಎಂದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಕೊಡುತ್ತದೆ. ಎತ್ತರವಿದ್ದರೆ ಗಾಡಿ ಖಾಲಿ ಎಂದು ಕಡಿಮೆ ಕೊಡುತ್ತದೆ. ಖಾಲಿ ಗಾಡಿಯ ಹಿಂದಿನ ಚಕ್ರ ಬ್ರೇಕಿಗೆ ಕಟ್ಟಿಕೊಂಡು ತಿರುಗಿ ಬೀಳಬಾರದೆಂಬುದು ಇದರ ಉದ್ದೇಶ.

ಎರಡು ಪ್ಲೇಟು ಹಾಕಿ ಹಿಂಬದಿ ಎತ್ತಿದಾಗ ನಾವು ಆ ವಾಲ್ವಿಗೆ ಸುಳ್ಳು ಹೇಳಿದಂತಾಯಿತು. ಮೇಲೆ ಭಾರವಿದ್ದರೂ ಅದು ಖಾಲಿ ಗಾಡಿಯೆಂದೇ ತಿಳಿಯಿತು. ಹಿಂದಿನ ಬ್ರೇಕು ಅರೆಬರೆ. ಎಲ್ಲ ಹೊರೆಯೂ ಮುಂದಿನ ಚಕ್ರಗಳಿಗೆ. ಆ ಚಕ್ರಗಳೋ ಮೂಕಿಭಾರದಿಂದ ಮೊದಲೇ ಹಗುರಾಗಿದ್ದವು. ರಸ್ತೆ ಒದ್ದೆ. ಟ್ರೇಲರಿಗೆ ಸ್ವಂತ ಬ್ರೇಕಿಲ್ಲ. ಇಷ್ಟು ಸೇರಿದ ಮೇಲೆ ಜಾರದೆ ಇನ್ನೇನು? ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಆ ತಿರುವಿನಲ್ಲಿ ನಿಜವಾಯಿತು.

ಆದ್ದರಿಂದ ಯಾವುದೇ ಆಸರೆ ಹಾಕಿಸಿದರೂ ಈ ವಾಲ್ವಿನ ಸರಳನ್ನು ತಯಾರಕರ ಅಳತೆಯಂತೆ ಮತ್ತೆ ಹೊಂದಿಸಿ ಕೊಡಬೇಕೆಂದು ಮೆಕ್ಯಾನಿಕರಿಗೆ ಬಾಯಿಬಿಟ್ಟು ಹೇಳಿ. ಗಾಳಿಚೀಲದವರು ಹೇರಿದ ಗಾಡಿಯನ್ನು ಖಾಲಿ ಗಾಡಿಯ ಎತ್ತರಕ್ಕೇ ತರಬೇಕೆಂದು ಹಟ ಹಿಡಿಯಬೇಡಿ, ಒಂದಿಷ್ಟು ಕುಗ್ಗಿರಲಿ.

ಟ್ರೇಲರಿನ ಬ್ರೇಕಿಗೂ ಇದೇ ಮಹತ್ವ. 15 ಮೀಟರ್ ಮುಂದೆ ಹೋದರೆ 1 ಮೀಟರ್ ಇಳಿಯುವ ರಸ್ತೆಯಲ್ಲಿ ಬ್ರೇಕಿಲ್ಲದ 800 ಕಿಲೋ ಟ್ರೇಲರ್ ಸುಮಾರು 53 ಕಿಲೋ ಬಲದಿಂದ ಪಿಕಪ್ಪನ್ನು ದೂಡುತ್ತಲೇ ಇರುತ್ತದೆ. ಬ್ರೇಕು ಒತ್ತಿದಾಗ ದೂಡುವುದು ಇನ್ನೂ ಹೆಚ್ಚು. ಏರಲು ಬೇಕಾದ ಗೇರಿನಲ್ಲೇ ಇಳಿಯುವುದು ಹಿರಿಯ ಚಾಲಕರ ಪದ್ಧತಿ. ಇಂಜಿನ್ನೇ ಗಾಡಿಯನ್ನು ಹಿಡಿದಿಡಲಿ. ಕೈಗಾ ಘಟ್ಟವಿರಲಿ, ಅಂಕೋಲಾದಿಂದ ಹುಬ್ಬಳ್ಳಿಗೆ ಹೋಗುವ ಅರಬೈಲ್ ಘಟ್ಟವಿರಲಿ, ಈ ಮಾತು ಒಂದೇ. 2021ರ ಜುಲೈ ಮಳೆಗೆ ಅರಬೈಲಿನಲ್ಲಿ ಗುಡ್ಡ ಕುಸಿದದ್ದು, ಗುಳ್ಳಾಪುರದ ಸೇತುವೆ ಕೊಚ್ಚಿಹೋದದ್ದು, 2024ರ ಜುಲೈಯಲ್ಲಿ ಶಿರೂರಿನ ದುರಂತ ಇವನ್ನು ಕಂಡ ನಮಗೆ, ಒಂದು ದಾರಿ ಮುಚ್ಚಿದರೆ ಪರಿಚಯವಿಲ್ಲದ ಇನ್ನೊಂದು ದಾರಿ ಹಿಡಿಯಬೇಕಾಗುತ್ತದೆಂಬುದು ಗೊತ್ತು. ಬಲ್ಲ ತಿರುವಿನಲ್ಲಿ ಹೇಗೋ ನಡೆದ ಗಾಡಿ ಅರಿಯದ ತಿರುವಿನಲ್ಲಿ ನಡೆಯಲಾರದು.

ಕಾನೂನಿನ ಮಾತು

1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ, ನೋಂದಣಿ ಪತ್ರದಲ್ಲಿರುವ ವಿವರಕ್ಕೆ ವ್ಯತ್ಯಾಸವಾಗುವ ಹಾಗೆ ವಾಹನವನ್ನು ಬದಲಿಸುವಂತಿಲ್ಲ. ಮಿತಿಮೀರಿದ ಹೇರಿಗೆ 194ನೇ ಕಲಮು, 2019ರ ತಿದ್ದುಪಡಿಯ ಬಳಿಕ, 20,000 ರೂಪಾಯಿ ದಂಡವನ್ನೂ ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿಯನ್ನೂ ಹೇಳುತ್ತದೆ. ಪ್ಲೇಟು ಹಾಕಿಸಿದ್ದೇನೆ ಎಂಬ ಉತ್ತರಕ್ಕೆ ಅಲ್ಲಿ ಬೆಲೆಯಿಲ್ಲ. ಟ್ರೇಲರಿಗೂ ಪ್ರತ್ಯೇಕ ನೋಂದಣಿ ಬೇಕು. ಇವೆಲ್ಲ ಸರಿಯಿಲ್ಲದೆ ಅಪಘಾತವಾದರೆ ವಿಮೆಯವರು ಮೊದಲು ಕೇಳುವುದೇ ಈ ಕಾಗದಗಳನ್ನು.

ಆರಿಸುವ ಕ್ರಮ

ಹೇಳಿದ್ದನ್ನು ಒಟ್ಟು ಮಾಡಿದರೆ ಕ್ರಮ ಹೀಗೆ:

1. ಮೂಕಿಭಾರವನ್ನೂ ಅಚ್ಚಿನ ಭಾರವನ್ನೂ ತೂಗಿ, ನೋಂದಣಿ ಪತ್ರದ ಮಿತಿಯೊಂದಿಗೆ ಹೋಲಿಸಿ. ಮಿತಿ ಮೀರಿದ್ದರೆ ಹೇರು ಇಳಿಸಿ. ಅದಕ್ಕೆ ಬೇರೆ ಮದ್ದಿಲ್ಲ.

2. ಟ್ರೇಲರಿನ ಹೇರನ್ನು ಹಿಂದೆ ಮುಂದೆ ಸರಿಸಿ ಮೂಕಿಭಾರವನ್ನು ನೂರಕ್ಕೆ 10ರಿಂದ 15ರೊಳಗೆ ತನ್ನಿ.

3. ಹಳೆಯ ಪ್ಲೇಟು, ಶಾಕಲ್, ಬುಶ್ ಸವೆದಿದ್ದರೆ ಮೊದಲು ಅವನ್ನು ಬದಲಿಸಿ. ಟಯರಿನ ಗಾಳಿ ಹೇರಿಗೆ ತಕ್ಕಷ್ಟಿರಲಿ.

4. ಸದಾ ಹೇರು ಇದ್ದರೆ ಪ್ಲೇಟು. ಆಗೀಗ ಇದ್ದರೆ ರಬ್ಬರ್. ದಿನಕ್ಕೊಂದು ತೂಕವಾದರೆ ಮತ್ತು ನೋಡಿಕೊಳ್ಳುವ ವ್ಯವಧಾನವಿದ್ದರೆ ಗಾಳಿಚೀಲ.

5. ಕೊನೆಯಲ್ಲಿ ಬ್ರೇಕ್ ವಾಲ್ವ್ ಹೊಂದಿಸಿ, ದೀಪದ ಕೋನ ಸರಿಪಡಿಸಿ, ಯು ಬೋಲ್ಟುಗಳನ್ನು ಕೆಲವು ದಿನ ಓಡಿಸಿದ ಬಳಿಕ ಮತ್ತೊಮ್ಮೆ ಬಿಗಿ ಮಾಡಿಸಿ.

ಸಂಘದ ಗಾಡಿಯಿಂದ ಆ ನಾಲ್ಕು ಪ್ಲೇಟುಗಳನ್ನು ಬಿಚ್ಚಿಸಿ ರಬ್ಬರಿನ ಆಸರೆ ಹಾಕಿಸಿದ್ದೇವೆ, ಟ್ರೇಲರಿಗೆ ಬ್ರೇಕು ಕೂರಿಸಿದ್ದೇವೆ. ಬಿಚ್ಚಿದ ಪ್ಲೇಟುಗಳು ಗೋದಾಮಿನ ಮೂಲೆಯಲ್ಲಿವೆ. ಯಾರಾದರೂ ಪುಕ್ಕಟೆ ಕೇಳಿದರೂ ಕೊಡುವುದಿಲ್ಲವೆಂದು ನಿಶ್ಚಯಿಸಿದ್ದೇವೆ. ಅದೇ ಮೂಲೆಯಲ್ಲಿರುವ ತಕ್ಕಡಿ ಮಾತ್ರ ಸದಸ್ಯರೆಲ್ಲರಿಗೂ ಮುಕ್ತವಾಗಿದೆ. ಟ್ರೇಲರ್ ಹೇರಿಕೊಂಡು ಬನ್ನಿ, ಮೂಕಿಭಾರ ತೂಗಿ ನೋಡೋಣ. ಹದಿನೈದು ನಿಮಿಷದ ಕೆಲಸ. ಘಟ್ಟ ಇಳಿಯುವ ಮುನ್ನ ಅದೊಂದನ್ನು ಮುಗಿಸಿ ಹೋಗಬೇಕೆಂದು ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿ.